ಸಂಗಟಿ ಅಂತ ಕರೆದರೆ ಬರುವವರು

ನಾನು ದೆವ್ವ ಭೂತ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹೊಳಲ್ಕೆರೆ ಕಡೆಯ ನಮ್ಮ ತವರಿನಲ್ಲಿ ಹುಣಸೆಮರದ ಕೆಳಗೆ ಮಲಗಿ ಬೆಳೆದವಳು ನಾನು. ಹೆದರಿಸಲು ಬಂದ ಅಣ್ಣಂದಿರನ್ನೇ ಹೆದರಿಸಿ ಓಡಿಸಿದವಳು. ಆದರೆ ಯಲ್ಲದಕೆರೆಗೆ ಸೊಸೆಯಾಗಿ ಬಂದ ಮೇಲೆ, ಆ ಮನೆಯ ನಡುಮನೆಯಿಂದ ನನಗೆ ಕೇಳಿಸಿದ್ದನ್ನು ಕೇಳಿಸಲೇ ಇಲ್ಲ ಅನ್ನುವುದಕ್ಕೂ ನನ್ನಿಂದ ಆಗುವುದಿಲ್ಲ.

ಆ ಮನೆಯಲ್ಲಿ ನಾವು ಮೂರೇ ಜನ. ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಟ್ಟಿ ತುಂಬ ಕುರಿ, ಒಂದಿಷ್ಟು ರಾಗಿ ಹೊಲ. ಗಂಡ ಹಿರಿಯೂರಿನ ಶಾಲೆಯಲ್ಲಿ ಕನ್ನಡ ಮೇಷ್ಟ್ರು, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಕುರಿ, ಹೊಲ ಎರಡನ್ನೂ ನೋಡಿಕೊಳ್ಳುತ್ತಿದ್ದವರು ಅತ್ತೆಯೇ. ಎತ್ತರದ ಹೆಂಗಸು, ಆಂಧ್ರದ ಗಡಿಯಾಚೆಯಿಂದ ತಂದ ಹೆಣ್ಣು. ಆಡುವ ಮಾತು ಕನ್ನಡವೇ. ಆದರೆ ಕೈ ಸುಟ್ಟರೆ, ಕುರಿ ತಪ್ಪಿಸಿಕೊಂಡರೆ, ಮಗನ ಮೇಲೆ ಪ್ರೀತಿ ಉಕ್ಕಿದರೆ ತಟ್ಟನೆ ಬಾಯಿಗೆ ತೆಲುಗು ಬಂದುಬಿಡುತ್ತಿತ್ತು. ಮಗನನ್ನು ಅವರು ಕರೆಯುತ್ತಿದ್ದುದು "ನಾಯ್ನಾ" ಅಂತ, ನಾವು ಮುದ್ದಿಗೆ ಅಪ್ಪಾ ಅನ್ನುವ ಹಾಗೆ. ಹಾಗೆ ಕರೆದಾಗಲೆಲ್ಲ ನನ್ನ ಗಂಡ ಹುಣಸೇಹಣ್ಣು ಕಚ್ಚಿದವರ ಹಾಗೆ ಮುಖ ಮಾಡುತ್ತಿದ್ದರು.

ಮದುವೆಯಾದ ವರ್ಷವೇ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಬಂತು. ಸತ್ತವರಿಗೆ ಎಡೆ ಇಡುವುದು ನನಗೇನೂ ಹೊಸದಲ್ಲ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ಮಾಡಿದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅವರದು ಆಯಿತು ಅನ್ನಿಸುವಷ್ಟು ಹೊತ್ತು ಬಿಟ್ಟು, ಒಮ್ಮೆ ಕೆಮ್ಮಿ, ಆಮೇಲೆ ಬಾಗಿಲು ತೆಗೆಯಬೇಕು. ಎದ್ದು ಹೋಗುವುದಕ್ಕೆ ಅವರಿಗೂ ಸಮಯ ಕೊಡಬೇಕಲ್ಲ. ಇಷ್ಟು ನಮ್ಮ ತವರಲ್ಲೂ ಇತ್ತು.

ಈ ಮನೆಯಲ್ಲಿ ಮಾತ್ರ ಎಲೆ ಎರಡು. ಒಂದು ಪಡುವಲ ಗೋಡೆಯ ಹತ್ತಿರ, ಮಾವನ ಕಡೆಯ ಹಿರಿಯರಿಗೆ. ಇನ್ನೊಂದು ಮೂಡಲ ಗೋಡೆಗೆ ಹತ್ತಿ, ಅತ್ತೆಯ ತವರಿನವರಿಗೆ. ಕೊಟ್ಟ ಹೆಣ್ಣು ತವರಿನವರಿಗೆ ಎಡೆ ಇಡುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಕೇಳಿದ್ದಕ್ಕೆ ಅತ್ತೆ ಹೇಳಿದರು:

"ಅಲ್ಲಿ ಯಾರೂ ಉಳ್ದಿಲ್ಲಮ್ಮ. ನಮ್ಮಪ್ಪ, ಅಣ್ತಮ್ಮಂದ್ರು, ಒಂದೇ ಬ್ಯಾಸಿಗೇಲಿ ಎಲ್ರೂ ಹೋದ್ರು. ದೀಪ ಹಚ್ಚೋರಿಲ್ಲ. ನಿಮ್ ಮಾವಾರು ಇದ್ರಲ್ಲ, ಅವ್ರೇ ಅಂದ್ರು, ಅವ್ರನ್ನೂ ಇಲ್ಲಿಗೇ ಕರಿ, ನಮ್ಮನೇಲೇ ಉಣ್ಲಿ ಅಂತ."

ಇನ್ನೊಂದು ಹೊಸದೆಂದರೆ ಕರೆಯುವುದು. ಬಾಗಿಲು ಹಾಕುವ ಮೊದಲು ಮನೆಯ ಹಿರಿ ಹೆಂಗಸು ಎಲೆಯ ಮುಂದೆ ನಿಂತು ಬಡಿಸಿದ ಒಂದೊಂದು ಅಡಿಗೆಯ ಹೆಸರನ್ನೂ ಗಟ್ಟಿಯಾಗಿ ಹೇಳಬೇಕು. ಪಡುವಲ ಎಲೆಯ ಮುಂದೆ ಅತ್ತೆ ಹೇಳಿದರು: "ಮುದ್ದೆ ಐತೆ, ಬಾಡಿನ ಸಾರು ಐತೆ, ಹೋಳಿಗೆ ಐತೆ, ಬರ್ರಿ, ಕುಂತ್ಕಳ್ರಿ, ಉಣ್ರಿ." ಆಮೇಲೆ ಮೂಡಲ ಎಲೆಯ ಮುಂದೆ ಹೋಗಿ ನಿಂತರು. ಸೆರಗು ಸರಿಮಾಡಿಕೊಂಡರು. ಅವರ ದನಿಯೇ ಬೇರೆಯಾಯಿತು, ಮದುವೆಗೆ ಮೊದಲಿನ ಹುಡುಗಿಯ ದನಿ. "ಸಂಗಟಿ ಪೆಟ್ಟಿನಾಮು. ರಾಂಡಿ. ಕೂಕೋಂಡಿ. ತಿನಂಡಿ." ಸಂಗಟಿ ಇಟ್ಟಿದ್ದೀವಿ, ಬನ್ನಿ, ಕೂತು ತಿನ್ನಿ ಅಂತ.

ಸಂಗಟಿ ಅಂದರೆ ಮುದ್ದೆಯೇ, ಆದರೆ ಅಕ್ಕಿನುಚ್ಚು ಬೇಯಿಸಿ ಅದರೊಳಗೆ ರಾಗಿಹಿಟ್ಟು ಹಾಕಿ ತಿರುವಿದ್ದು. ಅತ್ತೆ ಎರಡನ್ನೂ ಬೇರೆ ಬೇರೆ ಮಡಕೆಯಲ್ಲಿ ಮಾಡುತ್ತಿದ್ದರು. "ಯಾಕತ್ತೆ ಇಷ್ಟು ಕಷ್ಟ? ಎಡೆ ಕಣ್ಮುಂದೆ ಕಾಣಲ್ವಾ ಅವ್ರಿಗೆ? ಹೆಸರು ಬೇರೆ ಹೇಳ್ಬೇಕಾ?" ಅಂತ ನಾನು ತಮಾಷೆ ಮಾಡಿದೆ.

ಅವರು ನಗಲಿಲ್ಲ. "ಸತ್ತೋರಿಗೆ ಕಣ್ಣು ಕಾಣಲ್ಲ ತಾಯಿ," ಅಂದರು. "ಕಿವಿ ಒಂದೇ ಇರೋದು. ಬದುಕಿದ್ದಾಗ ಯಾವ ಹೆಸ್ರಲ್ಲಿ ಉಂಡಿದ್ರೋ ಆ ಹೆಸ್ರು ಕೇಳಿದ್ರೆ ಕೈ ಚಾಚ್ತಾರೆ. ಇಲ್ದಿದ್ರೆ ನಿಂತೇ ಇರ್ತಾರೆ."

ಜಗಲಿಯ ಮೇಲೆ ಕೂತಾಗ ಇನ್ನೂ ಬೆಳಕಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸದ್ದು ಬಂತು. ಎಲೆಯ ಮೇಲೆ ಮುದ್ದೆ ಮುರಿದು ಸಾರಿನಲ್ಲಿ ಅದ್ದುವಾಗ ಬೆರಳು ತಾಕಿ ಆಗುತ್ತದಲ್ಲ, ಅಂಥ ಸಣ್ಣ ಸದ್ದು. ಬೆಕ್ಕು ಇರಬೇಕು ಅಂದುಕೊಂಡು ಎದ್ದೆ. ಬೆಕ್ಕು ನನ್ನ ಪಕ್ಕದಲ್ಲೇ ಮಲಗಿತ್ತು. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. ಅವರ ಮುಖದಲ್ಲಿ ಮನೆ ತುಂಬ ನೆಂಟರು ಬಂದಾಗಿನ ನೆಮ್ಮದಿ ಇತ್ತು. ಗಂಡ ಪೇಪರ್ ಓದುತ್ತ ಕೂತಿದ್ದರು. ಅವರಿಗೆ ಏನೂ ಕೇಳಿಸಲಿಲ್ಲವಂತೆ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಅಂತ ಆದದ್ದು ಅದಾದ ಮೇಲೆ. ನನ್ನ ಗಂಡನಿಗೂ ಅವರ ನಾಲ್ಕಾರು ಮೇಷ್ಟ್ರು ಗೆಳೆಯರಿಗೂ ಹಬ್ಬವೋ ಹಬ್ಬ. ನಾಡಿಗೇ ಹೆಸರು ಬದಲಾದ ಮೇಲೆ ಮಿಕ್ಕಿದ್ದೆಲ್ಲ ಯಾವ ಲೆಕ್ಕ? ಮೊದಲು ಅಂಗಡಿ ಬೋರ್ಡು, ಆಮೇಲೆ ಹೋಟೆಲು. ಹಿರಿಯೂರಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಕೇಸರಿಬಾತಿಗೆ ಕನ್ನಡ ಹೆಸರು ಹುಡುಕುವುದಕ್ಕೆ ಒಂದು ಭಾನುವಾರ ಪೂರ್ತಿ ಕಳೆದರು. ಹೋಟೆಲಿನವನು, "ಹೆಸರು ಬೇಕಾದ್ದು ಇಡ್ರಿ ಮೇಷ್ಟ್ರೇ, ತಿನ್ನೋರು ಬಂದ್ರೆ ಸಾಕು," ಅಂದನಂತೆ. ದುರ್ಗದ ಒಂದು ಹೋಟೆಲಿಗೂ ಹೋಗಿ ಗೋಡೆಯ ಮೇಲಿನ ತಿಂಡಿ ಹೆಸರುಗಳ ಬಗ್ಗೆ ಜಗಳವಾಡಿ, ಕೊನೆಗೆ ತಮಗೆ ಬೇಡದ ಹೆಸರಿನ ಆ ತಿಂಡಿಗಳನ್ನೇ ಹೊಟ್ಟೆ ತುಂಬ ತಿಂದು ಬಂದರು. ಮನೆಯಲ್ಲೂ ಶುರುವಾಯಿತು. ನಾನು ಪಡ್ಡು ಅಂದರೆ, ಅತ್ತೆ ಪೊಂಗನಾಲು ಅಂದರೆ, ಇವರು ಎರಡೂ ಬೇಡ, ಗುಳಿಯಪ್ಪ ಅನ್ನಿ ಅನ್ನುತ್ತಿದ್ದರು. "ನಮ್ಮಿಬ್ರಿಗೂ ಗೊತ್ತಿಲ್ದಿರೋ ಹೆಸ್ರಲ್ಲಿ ನಾವಿಬ್ರೂ ಮಾಡಿದ್ದನ್ನ ತಿನ್ಬೇಕಾ?" ಅಂತ ನಾನು ಅಂದರೆ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು.

ಗಂಡನ ಸಿಟ್ಟಿಗೆ ಕಾರಣವಿಲ್ಲ ಅಂತಲ್ಲ. ಚಿಕ್ಕಂದಿನಲ್ಲಿ ಅವರು ದುರ್ಗದ ಹಾಸ್ಟೆಲಿನಲ್ಲಿದ್ದವರು. ಮೊದಲ ದಿನ ಊಟಕ್ಕೆ ಕೂತಾಗ, ಇನ್ನೊಂದು ಸಂಗಟಿ ಹಾಕಿ ಅಂದರಂತೆ. ಅಷ್ಟೇ. ಅಲ್ಲಿಂದ ಓದು ಮುಗಿಯುವವರೆಗೂ ಅವರ ಹೆಸರು ಸಂಗಟಿ ಅಂತಲೇ ಆಯಿತು. ರಾಜ್ಯಕ್ಕೇ ತಮ್ಮ ಭಾಷೆಯ ಹೆಸರು ಬಂದಾಗ, ಆ ಹುಡುಗರಿಗೆಲ್ಲ ಉತ್ತರ ಕೊಟ್ಟ ಹಾಗೆ ಅವರಿಗೆ ಅನ್ನಿಸಿರಬೇಕು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ನಗುತ್ತ. ಆ ನಗು ನನಗೆ ಸೇರಲಿಲ್ಲ. ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಅದರ ಮುಂದಿನ ವರ್ಷದ ಹಿರಿಯರ ಹಬ್ಬಕ್ಕೆ ಅವರು ಗೆಳೆಯರನ್ನೆಲ್ಲ ಊಟಕ್ಕೆ ಕರೆದುಬಿಟ್ಟರು. ಮೇಷ್ಟ್ರುಗಳು ಮಧ್ಯಾಹ್ನವೇ ಬಂದು ಜಗಲಿ ತುಂಬ ಕೂತರು. ಅಡಿಗೆಮನೆಯಲ್ಲಿ ಅತ್ತೆ ಎರಡನೆಯ ಮಡಕೆಗೆ ನುಚ್ಚು ಹಾಕುವಾಗ ಇವರು ಬಂದು ಬಾಗಿಲಲ್ಲಿ ನಿಂತರು.

"ಅಮ್ಮ, ಈ ಸಲ ಒಂದೇ ಎಡೆ ಸಾಕು. ಕನ್ನಡದಲ್ಲೇ ಕರಿ."

"ನಿಮ್ಮಪ್ಪನ ಕಡೆಯೋರ್ನ ಕನ್ನಡದಲ್ಲೇ ಅಲ್ವೇನಪ್ಪ ಕರೆಯೋದು?"

"ಎಲ್ರನ್ನೂ. ನಾನು ಊರೋರಿಗೆಲ್ಲ ಕನ್ನಡ ಹೆಸರು ಹೇಳ್ರಿ ಅಂತ ಹೇಳ್ಕಂಡು ತಿರುಗ್ತೀನಿ. ಹೊರಗೆ ಕುಂತಿರೋರು ಏನಂದ್ಕಂತಾರೆ? ಮುದ್ದೆಗೆ ಮುದ್ದೆ ಅಂದ್ರೆ ಏನು ಹೋಗುತ್ತೆ?"

"ಅವ್ರು ಮುದ್ದೆ ಅನ್ನೋದನ್ನೇ ಕೇಳಿದೋರಲ್ಲ, ನಾಯ್ನಾ."

"ನಾಯ್ನಾ ಅನ್ಬೇಡ!" ಇವರ ದನಿ ಜಗಲಿಗೂ ಕೇಳಿಸುವಷ್ಟು ಏರಿತು.

ಅತ್ತೆ ಒಲೆಯ ಮೇಲಿದ್ದ ಮಡಕೆಯನ್ನು ಇಳಿಸಿ ಪಕ್ಕಕ್ಕಿಟ್ಟರು. ಅಷ್ಟೇ. ಜಗಳ ಆಡಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ನಾನೇ ಏನೋ ಅನ್ನಲು ಹೋದೆ. ಅವರು ಬೇಡ ಅಂತ ತಲೆಯಾಡಿಸಿದರು.

ಸಂಜೆ ಪಡುವಲ ಗೋಡೆಗೆ ಒಂದೇ ಎಲೆ ಹಾಸಿದೆವು. ಅತ್ತೆ ಅದರ ಮುಂದೆ ನಿಂತು ಎರಡೂ ಮನೆಯ ಹಿರಿಯರನ್ನು ಕನ್ನಡದಲ್ಲೇ ಕರೆದರು. ಮೂಡಲ ಗೋಡೆಯ ಕಡೆ ಒಮ್ಮೆ ನೋಡಿ ತಟ್ಟನೆ ತಲೆ ತಗ್ಗಿಸಿ ಹೊರಗೆ ಬಂದರು. ಬಾಗಿಲು ಎಳೆದುಕೊಂಡೆವು. ಮೇಷ್ಟ್ರುಗಳು ಏನೋ ಚರ್ಚೆ ಮಾಡುತ್ತಿದ್ದರು. ಮೊದಲು ಕೇಳಿಸಿದ್ದು ಅವರಲ್ಲಿ ಒಬ್ಬರಿಗೆ. ಮಾತಿನ ನಡುವೆ ನಿಲ್ಲಿಸಿ ಬಾಗಿಲ ಕಡೆ ತಿರುಗಿದರು. "ಒಳಗೆ ಯಾರೋ ಅವ್ರಲ್ರಿ," ಅಂದರು.

ಉಣ್ಣುವ ಸದ್ದಲ್ಲ ಅದು. ಬಸ್ಸಿಗೆ ಕಾದು ನಿಂತವರು ಕಾಲು ಬದಲಾಯಿಸುತ್ತಾರಲ್ಲ, ಆ ಸದ್ದು. ಸಗಣಿ ಸಾರಿಸಿದ ನೆಲದ ಮೇಲೆ ಬರಿಗಾಲು. ಒಂದು ಜೊತೆಯಲ್ಲ, ಹಲವು. ಒಮ್ಮೆ ಒಬ್ಬರು, ಆಮೇಲೆ ಇನ್ನೊಬ್ಬರು. ಮೂಡಲ ಗೋಡೆಯ ಕಡೆಯಿಂದ. ನಾನು ಹೆದರಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಇವರು ಎದ್ದು ದೊಡ್ಡದಾಗಿ ಕೆಮ್ಮಿ ಬಾಗಿಲು ತೆಗೆದರು. ಎಡೆ ಹಾಗೇ ಇತ್ತು, ದೀಪ ಉರಿಯುತ್ತಿತ್ತು, ಯಾರೂ ಇರಲಿಲ್ಲ. "ಇಲಿ," ಅಂದರು. ಮೇಷ್ಟ್ರುಗಳು ಬೇಗ ಬೇಗ ಉಂಡರು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೂ ಬಸ್ಸು ತಪ್ಪುತ್ತದೆ ಅಂತ ಎದ್ದರು.

ಮಾರನೆಯ ದಿನ ಸಂಜೆ ಕುರಿ ಹಟ್ಟಿಗೆ ಬಂದವು. ನಮ್ಮ ಅಂಗಳ ದಾಟಿಯೇ ಅವು ದೊಡ್ಡಿಗೆ ಹೋಗಬೇಕು. ಕುರಿ ನೋಡಿದವರಿಗೆ ಗೊತ್ತು, ದಾರಿಯಲ್ಲಿ ಜನ ನಿಂತಿದ್ದರೆ ಹಿಂಡು ಎರಡಾಗಿ ಒಡೆದು ಅವರ ಆ ಕಡೆ ಈ ಕಡೆ ಹರಿದು ಮುಂದೆ ಹೋಗಿ ಕೂಡಿಕೊಳ್ಳುತ್ತದೆ. ಅವತ್ತು ಖಾಲಿ ಅಂಗಳದಲ್ಲಿ ಹಿಂಡು ಎರಡಾಯಿತು. ನಡುವೆ ನಾಲ್ಕಾರು ಜನ ಒತ್ತಿ ನಿಲ್ಲುವಷ್ಟು ಜಾಗ ಬಿಟ್ಟು, ಬಾಗಿ, ಆಚೆ ಕೂಡಿಕೊಂಡಿತು. ಒಂದು ಮರಿ ಮಾತ್ರ ಆ ಜಾಗದ ಅಂಚಿನಲ್ಲಿ ನಿಂತು ಮುಖ ಮೇಲೆತ್ತಿ ನೋಡಿತು. ಯಾರದೋ ಮುಖ ನೋಡುವಷ್ಟು ಎತ್ತರಕ್ಕೆ. ಆಮೇಲೆ ಓಡಿತು. ನಾನು ಪೊರಕೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಅತ್ತೆ ಜಗಲಿಯಿಂದ ನೋಡುತ್ತಿದ್ದರು. ಅವರಿಗೆ ಆಶ್ಚರ್ಯ ಆದ ಹಾಗೆ ಕಾಣಲಿಲ್ಲ.

ಅವತ್ತಿನಿಂದ ಅತ್ತೆ ಕೂತು ಉಣ್ಣುವುದನ್ನು ಬಿಟ್ಟರು. ತಟ್ಟೆ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗದೆ ನಿಂತೇ ಉಣ್ಣುವರು. ನನ್ನ ಗಂಡ ಮೊದಲು ಬೈದರು, ಆಮೇಲೆ ಬೇಡಿಕೊಂಡರು.

"ಅಪ್ಪ, ಅಣ್ಣ ಎಲ್ಲ ನಿಂತಿರುವಾಗ ನಾನು ಹೆಂಗಪ್ಪ ಕುಂತ್ಕಂಡು ಉಣ್ಲಿ?" ಅಂತ ಅತ್ತೆ ಹೇಳಿದ್ದು ಜಗಳದ ದನಿಯಲ್ಲಲ್ಲ. ಮಳೆ ಬರ್ತಾ ಐತೆ, ಹೊರಗೆ ಹೆಂಗ್ ಹೋಗ್ಲಿ ಅನ್ನುವಷ್ಟು ಸಲೀಸಾಗಿ.

"ಯಾರೂ ನಿಂತಿಲ್ಲಮ್ಮ!"

"ನಿನಗೆ ಕೇಳ್ಸಲ್ವಾ?"

"ಇಲ್ಲ." ಇವರು ಅಷ್ಟು ಹೇಳಿ ಎದ್ದು ಹೋಗುತ್ತಿದ್ದರು.

ಮುಂದಿನ ಅಮಾವಾಸ್ಯೆಗೇ ಇನ್ನೊಮ್ಮೆ ಎಡೆ ಇಟ್ಟು ಕರೆದುಬಿಡಿ, ಇವರು ಶಾಲೆಗೆ ಹೋದಾಗ, ಅಂತ ನಾನು ಗುಟ್ಟಾಗಿ ಹೇಳಿದೆ. ವರ್ಷಕ್ಕೆ ಒಂದೇ ದಿನ ಅವರಿಗೆ ಉಣ್ಣಲು ಅಪ್ಪಣೆ, ಮಿಕ್ಕ ದಿನ ಕರೆದರೂ ಕೈ ಬರುವುದಿಲ್ಲ ಅಂದರು ಅತ್ತೆ. ದಿನ ಕಳೆದ ಹಾಗೆ ಅವರು ಸೋತರು. ಕೋಲು ಊರಿಕೊಂಡು ನಿಂತು, ಒಂದು ಕೈಯಲ್ಲಿ ತಟ್ಟೆ ಹಿಡಿಯಲಾರದೆ, ನಾನು ಹಿಡಿದರೆ ಉಣ್ಣುವರು. ಮನೆಯಲ್ಲಿ ನನಗೂ ಹೆಜ್ಜೆ ಹಾಕುವಾಗ ಅಳುಕು. ನಡುಮನೆ ದಾಟುವಾಗ ಮೂಡಲ ಗೋಡೆಯನ್ನು ಬಿಟ್ಟು ಸುತ್ತಿ ಹೋಗುತ್ತಿದ್ದೆ. ಒಂದು ದಿನ ನೋಡಿದರೆ ನನ್ನ ಗಂಡನೂ ಹಾಗೇ ಸುತ್ತಿ ಹೋಗುತ್ತಿದ್ದರು. ನಾನು ನೋಡಿದೆ ಅಂತ ಗೊತ್ತಾದ ಕೂಡಲೇ ಅವರು ಗೋಡೆಗೆ ಆತು ನಿಂತು, ಬೇಕೆಂದೇ ಒಂದು ಆಕಳಿಕೆ ತೆಗೆದರು.

ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ತಲೆ ಬಾಚುತ್ತಿದ್ದಾಗ ನನ್ನ ಕೈ ಹಿಡಿದುಕೊಂಡರು.

"ನಾಳೆ ನನ್ನನ್ನ ಕರೆಯೋಳು ನೀನು. ಏನಂತ ಕರೀತೀಯಮ್ಮ?"

"ನೀವು ಹೆಂಗೆ ಹೇಳ್ತೀರೋ ಹಂಗೇ ಕರೀತೀನಿ ಅತ್ತೆ."

"ಮುದ್ದೆ ಅಂತ ಕರಿಬ್ಯಾಡ. ನಮ್ಮವ್ವ ಬಾಯಿಗಿಟ್ಟ ತುತ್ತು ಸಂಗಟಿ. ಮುದ್ದೆ ಅಂದ್ರೆ ಯಾರಿಗೋ ಅಂದ್ಕಂಡು ಬಾಗ್ಲಾಗೇ ನಿಂತ್ಬಿಡ್ತೀನಿ. ನಂಗೆ ನಿಲ್ಲಾಕೆ ಭಯ ಆಗ್ತೈತಮ್ಮ." ಅಷ್ಟು ಗಟ್ಟಿ ಹೆಂಗಸು, ಮೊದಲ ಸಲ ಅವರ ಕಣ್ಣಲ್ಲಿ ನೀರು ನೋಡಿದೆ. ಸಾವಿಗೆ ಅವರು ಹೆದರಿರಲಿಲ್ಲ. ಹೆದರಿದ್ದು ತನ್ನ ಮನೆಯಲ್ಲೇ ಯಾರೂ ಕರೆಯದೆ ನಿಂತಿರಬೇಕಾದೀತು ಅನ್ನುವುದಕ್ಕೆ. ಅವರು ಹೇಳಿಕೊಟ್ಟ ಮಾತನ್ನೆಲ್ಲ ಬಾಯಿಪಾಠ ಮಾಡಿದೆ. ಒಂದು ವಾರಕ್ಕೆ ತೀರಿಕೊಂಡರು.

ಮಗ ಎಲ್ಲವನ್ನೂ ಸರಿಯಾಗಿ ಮಾಡಿದರು, ಅತ್ತರು ಕೂಡ. ಆದರೆ ಹಿರಿಯರ ಹಬ್ಬ ಹತ್ತಿರ ಬಂದಾಗ ನಾನು ಮಾತೆತ್ತಿದರೆ, "ಅಮ್ಮ ಈ ಮನೆಯೋಳು. ಈ ಮನೆ ಮಾತಲ್ಲೇ ಕರಿ," ಅಂದರು. ಅವರು ಪಾಠ ಮಾಡಿದ ಹಾಗೆ ಹೇಳಿದರೂ ಮಾತು ಎಲ್ಲೋ ತಡೆಯಿತು. ನಾನು ಸುಮ್ಮನೆ ಎರಡನೆಯ ಮಡಕೆಗೆ ನುಚ್ಚು ಹಾಕಿದೆ. ಅವರು ನೋಡಿ ಜಗಲಿಗೆ ಹೋದರು. ಹಿರಿಯರು ಉಣ್ಣುವವರೆಗೆ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ, ಇಬ್ಬರೂ ಉಪವಾಸ. ಆ ಸಲ ಯಾರನ್ನೂ ಕರೆದಿರಲಿಲ್ಲ.

ಮೂಡಲ ಗೋಡೆಗೆ ಎಲೆ ಹಾಸಿ, ಬಡಿಸಿ, ನಿಂತೆ. ಇವರು ಜಗಲಿಯಲ್ಲಿದ್ದರು. ಅವರಿಗೆ ಕೇಳಿಸಲಿ ಅಂತಲೇ ಗಟ್ಟಿಯಾಗಿ ಕರೆದೆ. "ಸಂಗಟಿ ಪೆಟ್ಟಿನಾಮು. ರಾಂಡಿ. ಕೂಕೋಂಡಿ." ನನ್ನ ಬಾಯಲ್ಲಿ ಆ ಮಾತು ಹೊಳಲ್ಕೆರೆಯ ಮಾತಾಗಿಯೇ ಹೊರಟಿತು, ಬೇರೆಯವರ ರವಿಕೆ ತೊಟ್ಟ ಹಾಗೆ. ಹೊರಗೆ ಬಂದು ಬಾಗಿಲು ಎಳೆದುಕೊಂಡು ಕೂತೆ. ಬೈಗುಳಕ್ಕೆ ಕಾದೆ. ಇವರು ಬೈಯಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು.

ಒಳಗೆ ಏನೂ ಇಲ್ಲ. ಬೆರಳಿನ ಸದ್ದಿಲ್ಲ, ಕಾಲಿನ ಸದ್ದೂ ಇಲ್ಲ. ನಾನು ಕರೆದದ್ದು ತಲುಪಲಿಲ್ಲವೇನೋ ಅಂತ ನನಗೆ ಅಳು ಬರುವ ಹಾಗಾಯಿತು. ಆಗ ಇವರು ಮೆಲ್ಲಗೆ ಕೇಳಿದರು.

"ನಿಂಗೆ ಕೇಳಿಸ್ತಾ ಐತಾ?"

"ಇಲ್ಲ. ಏನು?"

"ಬಾಗ್ಲಾಗೇ ಅವ್ಳೆ," ಅಂದರು. ಅವರ ತುಟಿ ಒಣಗಿತ್ತು. "ಕೋಲು ಊರ್ತಾ ಅವ್ಳೆ."

ನಾನು ಬಾಯಿ ತೆರೆಯುವುದರೊಳಗೆ ಎದ್ದರು. ಕೆಮ್ಮಲಿಲ್ಲ. ಯಾರೂ ಮಾಡದ ಕೆಲಸ ಮಾಡಿದರು, ಹಿರಿಯರ ಹೊತ್ತಿನಲ್ಲಿ ಬಾಗಿಲು ತೆಗೆದು ಒಳಗೆ ಹೋದರು, ಒಳಗಿನಿಂದ ಚಿಲಕ ಹಾಕಿಕೊಂಡರು.

ನಾನು ಬಾಗಿಲಿಗೆ ಕಿವಿಯಿಟ್ಟೆ. ಆಮೇಲೆ ಅವರ ದನಿ. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಒಂದು ತೆಲುಗು ಮಾತು ನಾನು ಕೇಳಿರಲಿಲ್ಲ. ಮರೆತೇಹೋಗಿದೆ ಅನ್ನುತ್ತಿದ್ದರು. ಸಂಗಟಿ ಅಂದರು. ಪಪ್ಪು ಅಂದರು, ಪುಲುಸು ಅಂದರು, ಬೊಬ್ಬಟ್ಲು ಅಂದರು. ನಾನು ಮಾಡದೇ ಇದ್ದ ಅಡಿಗೆಗಳನ್ನೂ ಹೇಳಿದರು. ಎಷ್ಟೋ ಹೆಸರು ನಾನು ಕೇಳಿಯೇ ಇರಲಿಲ್ಲ. ಒಂದೊಂದು ಹೆಸರಿಗೂ ಅವರ ದನಿ ಚಿಕ್ಕದಾಗುತ್ತ, ಮೇಷ್ಟ್ರ ದನಿ ಹೋಗಿ, ಮಗುವಿನ ರಾಗ ಬಂತು.

ಆಮೇಲೆ ಕರೆಯುವುದು ನಿಂತಿತು. ಈಗ ಅವರು ಉತ್ತರ ಕೊಡುತ್ತಿದ್ದರು. "ಆ," ಅಂದರು. ಯಾರೋ ಒಂದು ಮಾತು ಕೇಳುವಷ್ಟು ಹೊತ್ತು ಸುಮ್ಮನಿದ್ದರು. "ಲೇದಮ್ಮಾ," ಅಂದರು, ಇಲ್ಲಮ್ಮಾ ಅಂತ. ಮತ್ತೆ ಸುಮ್ಮನೆ. ನನಗೆ ಆ ಕಡೆಯ ದನಿ ಕೇಳಿಸಲಿಲ್ಲ, ಇವತ್ತಿಗೂ ಹೇಳುತ್ತೇನೆ, ಕೇಳಿಸಲಿಲ್ಲ. ಆದರೆ ಆ ಕಡೆಯಿಂದ ಕೇಳುತ್ತಿದ್ದ ಪ್ರಶ್ನೆ ಏನು ಅಂತ ಗೊತ್ತಾಯಿತು. ಲೋಕದ ತಾಯಂದಿರೆಲ್ಲ ಮೊದಲು ಕೇಳುವುದು ಅದನ್ನೇ. ಅಷ್ಟು ತೆಲುಗು ನನಗೂ ಬರುತ್ತಿತ್ತು.

"ತಿಂಟಿನಮ್ಮಾ," ಅಂದರು ನನ್ನ ಗಂಡ. ಉಂಡೆನಮ್ಮಾ. "ತಿಂಟಿ."

ಬೆಳಗಿನಿಂದ ಅವರ ಗಂಟಲಿಗೆ ಒಂದು ಗುಟುಕು ನೀರೂ ಇಳಿದಿರಲಿಲ್ಲ.